ಎಡಗಾಲಿನ ವಿಷಯವಾಗಿ

ಜೂನ್ ೧೨

ನಮ್ಮವರಿಗೆ (ಹಾಗೆನ್ನದೆ ಬೇರೇನು ಬರೆಯಲಿ, ಹೊಳೆಯಲಿಲ್ಲ),

ನಿಮ್ಮ ಕಾಗದ ಬಂತು. ಕಳೆದ ತಿಂಗಳು ನಾನು ಅಕ್ಕನ ಮನೆಯ ಮೆಟ್ಟಿಲು ಇಳಿದದ್ದನ್ನು ಭಾವ ನಿಮಗೆ ಫೋನಿನಲ್ಲಿ ಹೇಳಿದರಂತೆ. ಅಷ್ಟಕ್ಕೇ ನೀವು ಬರೆದದ್ದು: "ನೋಡಿದ್ಯಾ, ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಎಲ್ಲಾ ಆಗುತ್ತೆ." ಹರಿದುಹಾಕಬೇಕೆನಿಸಿತು. ಡಾಕ್ಟರಿಗೆ ತೋರಿಸೋಣವೆಂದು ಇಟ್ಟುಕೊಂಡಿದ್ದೇನೆ.

ಮನಸ್ಸು ಗಟ್ಟಿ ಮಾಡಿಕೊಂಡೇ ಮೂರು ವರ್ಷ ಕಳೆದಿದ್ದೇನೆ. ಕಾರ್ಖಾನೆಯಲ್ಲಿ ಕಾಲು ಉಳುಕಿದ್ದು ಒಂದು ಕ್ಷಣ. ಆಮೇಲೆ ಹೊದಿಕೆ ತಾಕಿದರೂ ಕೆಂಡ ಸುರಿದ ಹಾಗೆ. ಹೊಲಿಗೆ ಯಂತ್ರದ ಪೆಡಲು ತುಳಿಯಲಾಗದೆ ಕೆಲಸವೂ ಹೋಯಿತು. ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದಾಗ ನೀವು ಅತ್ತೆಯವರಿಗೆ, "ಎಲ್ಲಾ ನಾಟಕ, ಬಿಡಮ್ಮ" ಅಂದಿರಿ. ನಾನು ಪಕ್ಕದ ಕೋಣೆಯಲ್ಲೇ ಇದ್ದೆ. ಕೆಟ್ಟಿದ್ದು ಕಾಲು, ಕಿವಿಯಲ್ಲ. ಅದಾದ ವಾರಕ್ಕೆ ಅಕ್ಕನ ಮನೆ ಸೇರಿದೆ.

ಇಲ್ಲಿಯ ನೋವಿನ ಡಾಕ್ಟರಮ್ಮ ಪಾದ ಹಿಡಿಯುವ ಮೊದಲು, "ಮುಟ್ಲಾ?" ಎಂದು ಕೇಳಿದರು. ಮೂರು ವರ್ಷದಲ್ಲಿ ಹಾಗೆ ಕೇಳಿದವರು ಅವರೊಬ್ಬರೇ. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ತಿರುಗಿಬಿದ್ದಿರಬಹುದು ಅಂದರು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಎಷ್ಟೋ ಜನ ದಾನ ಮಾಡಿದ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ಡ್ರಿಪ್‌ನಲ್ಲಿ ಕೊಟ್ಟರೆ ಅದು ದಾರಿಗೆ ಬರಬಹುದಂತೆ. ಎಲ್ಲರಿಗೂ ಗುಣ ಕಾಣುವುದಿಲ್ಲ, ಖಾತ್ರಿ ಕೇಳಬೇಡಿ ಎಂದೂ ಹೇಳಿದರು.

ಇಡೀ ದಿನ ಕುರ್ಚಿಗೊರಗಿ ಬಾಟಲಿ ನೋಡುತ್ತ ಕೂತೆ. ಮರುದಿನ ತಲೆ ಸಿಡಿಯಿತು. ಹತ್ತು ದಿನ ಕಾಲಿಗೆ ಏನೂ ಆಗಲಿಲ್ಲ; ಅಕ್ಕನ ಮೇಲೆ ಸುಮ್ಮಸುಮ್ಮನೆ ರೇಗಿದೆ, ಪಾಪ. ಹನ್ನೊಂದನೆಯ ದಿನ ಬೆಳಿಗ್ಗೆ ಎಡಗಾಲಿಗೆ ಕಾಲುಚೀಲ ಹಾಕಿಕೊಂಡೆ. ಹಾಕಿಕೊಂಡ ಮೇಲೆ ಗೊತ್ತಾಯಿತು, ಹಾಕಿಕೊಂಡೆನೆಂದು. ಮೆಟ್ಟಿಲು ಇಳಿದದ್ದು ಅವತ್ತೇ.

"ಹಾಗಾದ್ರೆ ವಾಪಸ್ ಬಾ" ಎಂದೂ ಬರೆದಿದ್ದೀರಿ. ನಡೆದರೆ ಹೆಂಡತಿ, ನಡೆಯದಿದ್ದರೆ ನಾಟಕದವಳು. ಇದು ಯಾವ ನ್ಯಾಯ? ನಾನಿಲ್ಲಿ ಚೆನ್ನಾಗಿದ್ದೇನೆ. ನನಗೆ ಯಾರೂ ಬೇಕಿಲ್ಲ.

ಇಂತಿ,
ಸಿಟ್ಟಿನ್ನೂ ಇಳಿಯದ
ನಿಮ್ಮವಳು

ಮರೆತ ವಿಷಯ: ಔಷಧದ ಕಸುವು ಐದು ವಾರಕ್ಕೇ ಮುಗಿಯಿತು. ಸೋಮವಾರದಿಂದ ಉರಿ ಮತ್ತೆ ಬಂದಿದೆ, ಭಾವನಿಗೆ ಹೇಳಿಲ್ಲ. ಬರುವ ಬುಧವಾರ ಎರಡನೆಯ ಡ್ರಿಪ್. ಜೊತೆಗಿರುವವರ ಹೆಸರು ಬರೆಯಿರಿ ಎಂದು ನರ್ಸ್ ಫಾರಂ ಕೊಟ್ಟಳು. ಅಕ್ಕ ಪಕ್ಕದಲ್ಲೇ ನಿಂತಿದ್ದಳು. ನಾನು ನಿಮ್ಮ ಹೆಸರು ಬರೆದೆ. ಬೆಳಿಗ್ಗೆ ಎಂಟಕ್ಕೆ ಬನ್ನಿ. ಬಂದು ಸುಮ್ಮನೆ ಕೂತಿರಿ, ಬುದ್ಧಿ ಹೇಳಬೇಡಿ.