ನಡು ಕುಸಿದ ಕೇಕ್

ಮಾರ್ಚ್ ೮, ಭಾನುವಾರ

ಇವತ್ತಿನ ತಲೆನೋವು ಒಂದೇ, ಕೇಕ್. ನಮ್ಮ ಅಡುಗೆ ಬ್ಲಾಗಿನವರ ಗುಂಪಿನಲ್ಲಿ ತಿಂಗಳಿಗೊಮ್ಮೆ ಎಲ್ಲರೂ ಒಂದೇ ತಿನಿಸು ಮಾಡಿ ಒಂದೇ ದಿನ ಬ್ಲಾಗಿಗೆ ಹಾಕಬೇಕು; ಹಾಕಿದವರ ಹೆಸರಿನ ಪಟ್ಟಿ ಸಂಜೆ ಬರುತ್ತದೆ. ಈ ಸಲ ಮೊಟ್ಟೆ ಹಾಕದ ಬಾಳೆಹಣ್ಣಿನ ಕೇಕ್. ಅದು ಉಬ್ಬುವ ಚಂದವನ್ನು ಓದುಗರಿಗೆ ತೋರಿಸೋಣವೆಂದು ಫೋಟೊಗಾಗಿ ಮೂರು ಸಲ ಓವನ್ ಬಾಗಿಲು ತೆರೆದೆ. ಮೂರನೆಯ ಸಲಕ್ಕೆ ನಡು ಕುಸಿದು ಕೂತಿತು.

ಅತ್ತೆ ಇಣುಕಿ, "ಏನಮ್ಮಾ, ಕೇಕ್ ಮಾಡಿದ್ಯೋ ಬಾವಿ ತೋಡಿದ್ಯೋ?" ಎಂದರು. ಎರಡು ತುಂಡು ತಿಂದು ಮೂರನೆಯದಕ್ಕೂ ಕೈ ಚಾಚಿದರು.

ಗುಂಪಿನ ಯಜಮಾನಿಯನ್ನು ನಾವೆಲ್ಲ ದೊಡ್ಡಕ್ಕ ಅನ್ನುತ್ತೇವೆ. ನಾನು ಕಳಿಸಿದ ಫೋಟೊ ನೋಡಿದವರೇ ಫೋನ್ ಮಾಡಿದರು.

"ಗುಂಡಿಗೆ ಕ್ರೀಮ್ ತುಂಬಿ ಪಕ್ಕದಿಂದ ಫೋಟೊ ತೆಗಿ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಲ್ಲ ಅಕ್ಕಾ."

"ಹಾಗಾದ್ರೆ ಪಟ್ಟಿಯಲ್ಲಿ ನಿನ್ನ ಹೆಸರು ಇರಲ್ಲ, ನೋಡ್ಕೋ."

ನಾಲ್ಕು ವರ್ಷದಿಂದ ಒಂದು ತಿಂಗಳೂ ತಪ್ಪದ ಹೆಸರು ಅದು. ಕ್ರೀಮಿನ ಡಬ್ಬಿ ತೆರೆದೂ ಆಯಿತು. ಆದರೆ ನನ್ನ ಬ್ಲಾಗ್ ನೋಡಿಕೊಂಡು ಮೊದಲ ಸಲ ಓವನ್ ಹಚ್ಚುವ ಹೆಣ್ಣುಮಗಳೊಬ್ಬಳು ಎಲ್ಲೋ ಇದ್ದಾಳೆ. ಅವಳ ಕೇಕೂ ಕುಸಿದೀತು. ಎಲ್ಲರದ್ದೂ ಉಬ್ಬಿ ನಿಂತಿದ್ದನ್ನು ಕಂಡು, ತಾನೊಬ್ಬಳೇ ದಡ್ಡಿ ಎಂದುಕೊಂಡಾಳು.

ಗುಂಡಿಯನ್ನು ಮೇಲಿನಿಂದಲೇ, ಕಿಟಕಿಯ ಬೆಳಕಿನಲ್ಲಿ ತೆಗೆದು ಹಾಕಿದೆ. ಕೆಳಗೆ ಬರೆದೆ: "ಫೋಟೊ ಹುಚ್ಚಿಗೆ ಬಾಗಿಲು ತೆರೆದೆ, ಕುಸಿಯಿತು. ನೀವು ತೆರೆಯಬೇಡಿ. ರುಚಿ ಮಾತ್ರ ಚೆನ್ನಾಗಿದೆ."

ಸಂಜೆ ಪಟ್ಟಿ ಬಂತು. ಹದಿನೆಂಟು ಹೆಸರು, ನನ್ನದಿಲ್ಲ. ಇಲ್ಲದಿದ್ದರೆ ಬೇಡ. ಮುಂದಿನ ತಿಂಗಳ ಬ್ರೆಡ್ಡನ್ನೂ ಮಾಡುತ್ತೇನೆ, ಅವರು ಹಾಕುವ ದಿನವೇ ಹಾಕುತ್ತೇನೆ. ಸುಟ್ಟರೆ ಸುಟ್ಟಿದ್ದನ್ನೇ. ದೊಡ್ಡಕ್ಕ ಬೇಕಾದರೆ ಆಗಲೂ ನನ್ನ ಹೆಸರು ಬಿಡಲಿ.