ಎರಡೂ ಕಿವಿ ಕಾಣಬೇಕೆಂಬ ಕಾನೂನು ಮತ್ತು ಬೀರುವಿನಲ್ಲಿರುವ ಒಪ್ಪಂದ

ಒಪ್ಪಂದಗಳ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಿಮ್ಮಿಂದಾಗಿ ನನ್ನ ಹೆಸರು ಕೆಟ್ಟಿದೆ. ಪಾಸ್‌ಪೋರ್ಟ್ ಕಚೇರಿಯ ಎದುರಿನ ಬೀದಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ, ಅಪ್ಪನ ಕಾಲದ್ದು. ಅಲ್ಲಿ ತೆಗೆದ ಫೋಟೋ ತಿರಸ್ಕೃತವಾಗಿ ವಾಪಸ್ ಬಂದದ್ದು ಅಪ್ಪನ ಕಾಲದಲ್ಲೂ ಇಲ್ಲ, ನನ್ನ ಕಾಲದಲ್ಲೂ ಇರಲಿಲ್ಲ. ಈ ವರ್ಷ ಒಂದೇ ಮಗುವಿನ ಫೋಟೋ ಮತ್ತೆ ಮತ್ತೆ ವಾಪಸ್ ಬಂತು. ತಪ್ಪು ಕ್ಯಾಮೆರಾದ್ದಲ್ಲ, ನಿಮ್ಮದು. ಮಕ್ಕಳ ಮಾರಾಟವನ್ನೂ ಬಲವಂತದ ದುಡಿಮೆಯನ್ನೂ ತಡೆಯುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ನೀವು ಸಹಿ ಹಾಕಿಸಿದಿರಿ, ಅನುಮೋದಿಸುವುದನ್ನು ಮಾತ್ರ ಬಿಟ್ಟು ಬೀರುವಿನಲ್ಲಿಟ್ಟಿರಿ. ಹೀಗಾಗಿ ಆ ಒಪ್ಪಂದ ಮಾಡಬೇಕಾದ ಕೆಲಸವನ್ನು ನಾನು ಕೆಟ್ಟ ಫೋಟೋ ತೆಗೆದು ಮಾಡಬೇಕಾಯಿತು. ಹೇಗೆಂದು ವಿವರವಾಗಿಯೇ ಹೇಳುತ್ತೇನೆ. ನಿಮಗೆ ಪುರುಸೊತ್ತಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಶಾಲೆಗಳಿಗೆ ರಜೆ ಬಿಟ್ಟ ಹೊತ್ತಿನಲ್ಲಿ, ಗರಿಗರಿ ಇಸ್ತ್ರಿಯ ಅಂಗಿ ತೊಟ್ಟ ಒಬ್ಬ ಮನುಷ್ಯ ಹತ್ತು ಹನ್ನೊಂದರ ಹುಡುಗಿಯೊಬ್ಬಳನ್ನು ಕರೆದುಕೊಂಡು ಬಂದ. ತಾನು ಅವಳ ಸೋದರಮಾವ, ಪಾಸ್‌ಪೋರ್ಟಿಗೆ ಫೋಟೋ ಬೇಕು ಎಂದ. ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಗಲ್ಲ ತುಸು ಎತ್ತಿಸಿ, ಸುಮ್ಮನೆ ಮಾತಿಗೆಂದು ಕೇಳಿದೆ:

“ಎಲ್ಲಿಗೆ ಹೊರಟಿದ್ದೀಯಮ್ಮ?”

“ಅತ್ತೆ ಮನೆಗೆ ಅಂತ ಹೇಳು ಅಂದಿದ್ದಾರೆ.”

ಆ ಮನುಷ್ಯ ನಕ್ಕ. ನಾನೂ ನಕ್ಕೆ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು, ಮಾತಾಡಲು ಹೊರಗೆ ಹೋದ. ಕೂದಲು ಸರಿಮಾಡುವ ನೆಪದಲ್ಲಿ ಹುಡುಗಿಯ ಹತ್ತಿರ ಹೋಗಿ, “ಇವರು ನಿನ್ನ ಸ್ವಂತ ಮಾವನಾ?” ಎಂದೆ.

“ಹೂಂ. ಮೊನ್ನೆಯಿಂದ.”

ಗಡಿಯಾಚೆಯ ದೇಶದ ಒಂದು ದೊಡ್ಡ ಮನೆಯಲ್ಲಿ ಪಾಪು ಇದೆಯಂತೆ. ಅದನ್ನು ಎತ್ತಿಕೊಳ್ಳಬೇಕಂತೆ, ಅದು ಮಲಗಿದಾಗ ಪಾತ್ರೆ ತೊಳೆಯಬೇಕಂತೆ. ದೊಡ್ಡ ಶಾಲೆಗೂ ಸೇರಿಸುತ್ತಾರಂತೆ, ಅದಕ್ಕೇ ಅಮ್ಮ ಹೂಂ ಅಂದಳಂತೆ. “ಆದ್ರೆ ಆಂಟಿ, ನಾನು ಶಾಲೆಗೆ ಹೋದಾಗ ಪಾಪುನ ಯಾರು ಎತ್ಕೋತಾರೆ?” ಎಂದು ನನ್ನನ್ನೇ ಕೇಳಿದಳು. ಇಡೀ ಯೋಜನೆಯಲ್ಲಿದ್ದ ತೂತು ಅವಳಿಗೆ ಕಂಡಿತ್ತು. ಅದು ತೂತು ಎಂದು ಮಾತ್ರ ಗೊತ್ತಾಗಿರಲಿಲ್ಲ, ಪಾಪುವಿನ ಬಗ್ಗೆ ಚಿಂತೆಯಾಗಿತ್ತು.

ಆ ಮನುಷ್ಯ ಒಳಗೆ ಬಂದ. ಹುಡುಗಿ ಕಣ್ಣು ಮಿಟುಕಿಸಿದ ಗಳಿಗೆ ನೋಡಿಯೇ ನಾನು ಗುಂಡಿ ಒತ್ತಿದೆ. ಫೋಟೋಗಳನ್ನು ಲಕೋಟೆಗೆ ಹಾಕಿ, ಅಂಟಿಸಿ, ನಗುತ್ತಾ ಕೊಟ್ಟೆ.

ಅವತ್ತು ಸಂಜೆಯೇ ಪೊಲೀಸ್ ಠಾಣೆಗೆ ಹೋದೆ. ಅಲ್ಲಿದ್ದ ಅಧಿಕಾರಿ ಒಳ್ಳೆಯವರೇ, ಕುರ್ಚಿ ಕೊಟ್ಟು ಪೂರ್ತಿ ಕೇಳಿಸಿಕೊಂಡರು.

“ತಾಯಿ ಒಪ್ಪಿದ್ದಾಳೆ ಅಂತ ನೀವೇ ಅಂತೀರಿ. ಹಾಗಾದ್ರೆ ನಮ್ಮ ಕಾನೂನಲ್ಲಿ ಅಪರಾಧ ಎಲ್ಲಿಂದ ಬಂತಮ್ಮ?”

“ಗಡಿ ದಾಟಿದ ಮೇಲೆ ಏನಾದ್ರೂ ಆದ್ರೆ?”

“ಅದು ಆ ದೇಶದ ವಿಷಯ. ನಾವು ಅವರನ್ನ ಕೇಳೋ ಹಾಗಿಲ್ಲ.”

“ಒಪ್ಪಂದ ಇದೆಯಲ್ಲ? ಸಹಿ ಹಾಕಿದ್ದನ್ನ ಟೀವೀಲಿ ನೋಡಿದ್ದೀನಿ.”

“ನಾನೂ ನೋಡಿದ್ದೀನಿ. ಕಾರ್ಯಕ್ರಮ ಚೆನ್ನಾಗಿತ್ತು.”

ಅಲ್ಲಿಂದ ನೇರ ಅಕ್ಕನ ಮನೆಗೆ ಹೋದೆ. ಭಾವ ವಕೀಲರು, ಊಟದ ತಟ್ಟೆಯ ಮುಂದೆಯೇ ಪಾಠ ಶುರುಮಾಡಿದರು. “ಸಹಿ ಅಂದ್ರೆ ಬಾಡಿಗೆ ಮನೆ ನೋಡಿ ‘ಚೆನ್ನಾಗಿದೆ’ ಅಂದ ಹಾಗೆ, ಅಷ್ಟೇ. ಆಮೇಲೆ ಸಂಸತ್ತು ಒಪ್ಪಬೇಕು. ಅನುಮೋದನೆಯಾಯ್ತು ಅನ್ನೋ ಪತ್ರ ಅಂತರರಾಷ್ಟ್ರೀಯ ಸಂಸ್ಥೆಗೆ ಹೋಗಿ ಸೇರಬೇಕು. ಅದಾಗಿ ಸ್ವಲ್ಪ ಕಾಲಕ್ಕೆ ನಮಗೆ ಕಟ್ಟುಪಾಡು. ಯಾವುದಾದ್ರೂ ಕಲಮು ಹಿಡಿಸದಿದ್ರೆ ‘ಇದೊಂದು ನಮಗೆ ಬೇಡ’ ಅಂತ ಷರತ್ತು ಬರೀಬಹುದು, ಒಪ್ಪಂದದ ಮೂಲಕ್ಕೇ ಕೊಡಲಿ ಹಾಕೋ ಷರತ್ತು ಮಾತ್ರ ನಡೆಯಲ್ಲ. ಮೊದಲು ಸಹಿಯನ್ನೇ ಹಾಕದೆ ಆಮೇಲೆ ನೇರವಾಗಿ ಸೇರಿಕೊಳ್ಳೋ ದೇಶಗಳೂ ಇವೆ. ಈ ಒಪ್ಪಂದದ ಪ್ರಕಾರ, ಕೆಲಸಕ್ಕೆ ದುಡಿಸೋಕೆ ಮಗುವನ್ನ ಸಾಗಿಸಿದ್ರೆ, ಯಾರು ಒಪ್ಪಿದ್ರೂ ಅದು ಅಪರಾಧವೇ.”

“ಒಟ್ಟಿನಲ್ಲಿ ನಾವು ಬಾಗಿಲಲ್ಲಿ ನಿಂತು ಫೋಟೋ ತೆಗೆಸ್ಕೊಂಡಿದ್ದೀವಿ, ಒಳಗೆ ಹೋಗಿಲ್ಲ” ಎಂದಳು ಅಕ್ಕ. ಇದಕ್ಕಿಂತ ಚೆನ್ನಾಗಿ ನಿಮ್ಮ ಪತ್ರಿಕಾ ಪ್ರಕಟಣೆಯೂ ಹೇಳಿರಲಿಲ್ಲ.

ಮರುದಿನ ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಕಡತ ಭಾಷಾಂತರಕ್ಕೆ ಹೋಗಿದೆ ಎಂದರು ಒಬ್ಬರು. ಭಾಷಾಂತರ ಮುಗಿದು ಕಾನೂನು ಇಲಾಖೆಯ ಅಭಿಪ್ರಾಯಕ್ಕೆ ಹೋಗಿದೆ ಎಂದರು ಇನ್ನೊಬ್ಬರು. ಮೂರನೆಯವರು ಗುಟ್ಟು ಹೇಳುವಂತೆ ದನಿ ತಗ್ಗಿಸಿ, “ಮಗು ಅಂದ್ರೆ ಯಾರು ಅನ್ನೋದರ ಬಗ್ಗೆ ಇನ್ನೂ ಚರ್ಚೆ ನಡೀತಿದೆ ಮೇಡಂ” ಎಂದರು. ನಿಧಾನವಾಗಿ ನಡೆಯಲಿ ಸ್ವಾಮಿ. ಈಗಿನ ಮಕ್ಕಳಿಗೆ ಮೊಮ್ಮಕ್ಕಳಾಗುವ ಹೊತ್ತಿಗೆ ಒಂದು ಒಮ್ಮತ ಮೂಡೀತು.

ಇತ್ತ ಆ ಮನುಷ್ಯ ವಾಪಸ್ ಬಂದ. ಕಣ್ಣು ಮುಚ್ಚಿದೆ ಎಂದು ಪಾಸ್‌ಪೋರ್ಟ್ ಕಚೇರಿಯವರು ಫೋಟೋ ತಿರಸ್ಕರಿಸಿದ್ದರು. ಕ್ಷಮೆ ಕೇಳಿ, ಪುಕ್ಕಟೆಯಾಗಿ ಇನ್ನೊಂದು ತೆಗೆದೆ. ಈ ಸಲ ಕೂದಲನ್ನು ಮುತುವರ್ಜಿಯಿಂದ ಬಾಚಿ ಒಂದು ಕಿವಿ ಮುಚ್ಚಿದೆ. ಎರಡೂ ಕಿವಿ ಕಾಣಬೇಕು ಎಂದು ಅದೂ ಬಿದ್ದುಹೋಯಿತು. ನೋಡಿ, ಈ ದೇಶದಲ್ಲಿ ಆ ಮಗುವಿನ ರಕ್ಷಣೆಗೆ ನಿಂತ ಏಕೈಕ ಕಾನೂನು ಅದು.

“ನಿಮಗೆ ಫೋಟೋ ತೆಗೆಯೋಕೆ ಬರುತ್ತೋ ಇಲ್ವೋ?” ಎಂದು ರೇಗಿದ.

“ಅಪ್ಪ ಇದ್ದಾಗ ಬರ್ತಿತ್ತು” ಎಂದೆ.

ಇನ್ನು ಇವನು ಎದುರು ಸ್ಟುಡಿಯೋಗೆ ಹೋಗುತ್ತಾನೆ ಎಂದು ಖಾತ್ರಿಯಾಯಿತು. ಎದುರಿನವರಿಗೂ ನನಗೂ ಒಂದು ಬೋರ್ಡಿನ ವಿಷಯಕ್ಕೆ ಮಾತು ಬಿಟ್ಟುಹೋಗಿತ್ತು. ಬಿಗುಮಾನ ಬಿಟ್ಟು ರಸ್ತೆ ದಾಟಿ ವಿಷಯ ತಿಳಿಸಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತಾ, “ಕಳಿಸಿ, ನೋಡ್ಕೋತೀನಿ” ಎಂದರು. ಕೆಂಪು ಪರದೆ ಕಟ್ಟಿ, ಮೂಗಿನ ನೆರಳು ಗಲ್ಲದವರೆಗೆ ಬೀಳುವಂತೆ ಅವರು ತೆಗೆದ ಫೋಟೋ ನನ್ನದಕ್ಕಿಂತ ಕೆಟ್ಟದಾಗಿತ್ತು, ಅದೂ ವಾಪಸ್ ಬಂತು. ಬೇಕೆಂದೇ ತೆಗೆದರೋ ರೂಢಿಯೋ, ನಾನು ಕೇಳಲಿಲ್ಲ.

ಹೀಗೆ ಸಿಕ್ಕ ಅವಧಿಯಲ್ಲಿ ಹುಡುಗಿಯ ತಾಯಿಯನ್ನು ಹುಡುಕಿದೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ, ಹಬೆಯ ನಡುವೆ, ಮೊಣಕೈವರೆಗೆ ಒದ್ದೆಯಾಗಿ ನಿಂತಿದ್ದಳು. “ಇಲ್ಲಿದ್ರೆ ನನ್ನ ಹಾಗೇ ಆಗ್ತಾಳಮ್ಮ. ಅಲ್ಲಿ ಓದಿಸ್ತಾರಂತೆ” ಎಂದಳು. ಶಾಲೆಯ ಹೆಸರೇನು ಎಂದೆ. “ಅದು ಅವರಿಗೇ ಗೊತ್ತು” ಎಂದಳು. ಹಾಗಾದರೆ ಅವರ ಬಾಯಿಂದಲೇ ಕೇಳು ಬಾ ಎಂದೆ. ಮಾರನೆಯ ದಿನ ನನ್ನ ಸ್ಟುಡಿಯೋಗೆ ಬಂದು, ಕನ್ನಡಿ ಇಟ್ಟಿರುವ ಪರದೆಯ ಹಿಂದೆ ಕೂತಳು. ಈ ಸಲ ಫೋಟೋ ಸರಿಯಾಗಿ ತೆಗೆದುಕೊಡುತ್ತೇನೆ ಎಂದು ನಾನು ಫೋನ್ ಮಾಡಿದ್ದರಿಂದ ಆ ಮನುಷ್ಯ ಹುಡುಗಿಯೊಂದಿಗೆ ಬಂದ.

“ಅಲ್ಲಿ ಶಾಲೆ ಚೆನ್ನಾಗಿದೆಯಂತಲ್ಲ?” ಎಂದು ಕೇಳಿದೆ. “ನಮ್ಮಕ್ಕನ ಮಗಳನ್ನೂ ಕಳಿಸೋಣ ಅಂತ.”

“ಶಾಲೆ ಎಲ್ಲಿಂದ ಬಂತು, ಮನೆಗೆಲಸ ಅಷ್ಟೇ. ಹಾಗೆ ಹೇಳದಿದ್ರೆ ಇವಳಮ್ಮ ಬಿಡ್ತಿದ್ಲಾ?” ಎಂದವನು, ಆಮೇಲೆ ಆಸಕ್ತಿಯಿಂದ ಕೇಳಿದ: “ನಿಮ್ಮಕ್ಕನ ಮಗಳಿಗೆ ವಯಸ್ಸೆಷ್ಟು?”

ಪರದೆ ಸರಿಯಿತು. ತಾಯಿ ಬಂದು ಮಗಳನ್ನು ಸ್ಟೂಲಿನಿಂದ ಇಳಿಸಿದಳು.

“ಏನಮ್ಮ, ಮಾತು ಕೊಟ್ಟಿದ್ದೆಯಲ್ಲ?” ಎಂದ ಅವನು.

“ಕೊಟ್ಟಿದ್ದು ಮಾತು. ಮಗಳನ್ನಲ್ಲ” ಎಂದು ಹೇಳಿ ಹೊರಟೇಹೋದಳು. ಆ ಹುಡುಗಿ ಈಗ ಇಲ್ಲೇ ಶಾಲೆಗೆ ಹೋಗುತ್ತಿದ್ದಾಳೆ. ಗಣಿತ ಬರುವುದಿಲ್ಲವಂತೆ. ಬಹಳ ಸಂತೋಷ.

ಇಲ್ಲಿಗೆ ಮುಗಿದಿದ್ದರೆ ನಿಮಗೆ ಪತ್ರ ಬರೆಯುತ್ತಿರಲಿಲ್ಲ. ಆ ಮನುಷ್ಯನ ಮೇಲೆ ಕೇಸಾಗಲಿಲ್ಲ. ತಾಯಿ ಮೊದಲು ಒಪ್ಪಿದ್ದಳಲ್ಲ. ಅವನು ಅದೇ ಬಟ್ಟೆ ಒಗೆಯುವ ವಿಭಾಗದ ಇನ್ನೊಬ್ಬಾಕೆಯ ಮಗಳಿಗೆ ಮಾವನಾದ. ಬೇರೆ ಊರಿನಲ್ಲಿ, ಯಾರೋ ಒಳ್ಳೆಯ ಫೋಟೋಗ್ರಾಫರ್ ಹತ್ತಿರ ಫೋಟೋ ತೆಗೆಸಿ, ಅವಳನ್ನು ಗಡಿ ದಾಟಿಸಿದ. ಮೊದಮೊದಲು ಒಂದೆರಡು ಸಲ ಫೋನ್ ಬಂತು, ಆಮೇಲೆ ಇಲ್ಲ. ಭಾವ ಆ ದೇಶದ ಮಕ್ಕಳ ರಕ್ಷಣಾ ಕಚೇರಿಯನ್ನು ಸಂಪರ್ಕಿಸಿದರು. ಅವರು ವಿನಯದಿಂದ ಹೇಳಿದರು: ನಾವು ಅನುಮೋದಿಸಿ ಬಹಳ ಕಾಲವಾಯಿತು, ನಿಮ್ಮ ಸರ್ಕಾರ ಒಪ್ಪಂದದ ಅಡಿಯಲ್ಲಿ ಕೇಳಲಿ, ಹುಡುಕುತ್ತೇವೆ. ಕೇಳಲು ನಮ್ಮ ಸರ್ಕಾರಕ್ಕೆ ಬಾಯಿಯಿಲ್ಲ, ಏಕೆಂದರೆ ಅದು ನಿಮ್ಮ ಬೀರುವಿನಲ್ಲಿದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಒಪ್ಪಂದವನ್ನು ಈ ಅಧಿವೇಶನದಲ್ಲೇ ಸಂಸತ್ತಿನ ಮುಂದಿಡಿಸಿ. ಷರತ್ತು ಗಿರತ್ತು ಬೇಡ. ಅನುಮೋದನೆಯಾದ ಪತ್ರವನ್ನು ತಡಮಾಡದೆ ತಲುಪಿಸಿ. ಜಾರಿಗೆ ಬಂದ ದಿನವೇ ಗಡಿ ದಾಟಿಹೋದ ಆ ಎರಡನೆಯ ಹುಡುಗಿಯ ಬಗ್ಗೆ ಕೇಳಿ. ಅವಳ ತಾಯಿ ಕೆಲಸ ಮುಗಿಸಿ ನನ್ನ ಅಂಗಡಿಗೆ ಬಂದು, “ಸರ್ಕಾರದವರು ಕೇಳಿದ್ರಾ?” ಅನ್ನುತ್ತಾಳೆ. ಇನ್ನು ಮುಂದೆ ಅವಳನ್ನು ನಿಮ್ಮ ಹತ್ತಿರವೇ ಕಳಿಸುತ್ತೇನೆ. ಹೆಚ್ಚು ಮಾತಾಡುವವಳಲ್ಲ. ಎದುರಿಗೆ ಕೂರಿಸಿಕೊಂಡು, ತಡವೇಕಾಯಿತು ಎಂದು ಅವಳಿಗೆ ಅರ್ಥವಾಗುವಂತೆ ನೀವೇ ಹೇಳಿ.

ಇಂತಿ,
ನಿಮ್ಮ ಕಚೇರಿಯ ಫೋನಿನಲ್ಲಿ ಕಾಯುವವರಿಗೆಂದು ಹಾಕುವ ಸಂಗೀತವನ್ನು ಬೇಡವೆಂದರೂ ಗುನುಗುವಂತಾಗಿರುವ
ಒಬ್ಬ ಪ್ರಜೆ