ವಾಸನೆಯಿಲ್ಲದ ದ್ರವ

ಪ್ರೀತಿಯ ಖೈರುನ್ ಆಪಾ,

ನೀವು ತೀರಿಕೊಂಡು ಆರು ತಿಂಗಳಾಯಿತು. ಕಡೂರಿನ ನಮ್ಮ ಕಾಲೇಜು ಲ್ಯಾಬಿನಲ್ಲಿ ಬೀಕರು, ಫ್ಲಾಸ್ಕು ತೊಳೆದಿಡುತ್ತಿದ್ದ ನಿಮಗೆ ನಾನು, ನಿಮ್ಮ ಕೆಮಿಸ್ಟ್ರಿ ಮೇಡಂ, ಬರೆಯುತ್ತಿದ್ದೇನೆ. ಒಂದು ತಪ್ಪು ಒಪ್ಪಿಕೊಳ್ಳಬೇಕಿದೆ.

ನಾನು ಆ ಅಯಾನಿಕ್ ದ್ರವದ ಬಾಟಲಿ ಲ್ಯಾಬಿಗೆ ಮೊದಲ ಸಲ ತಂದ ದಿನ ನೆನಪಿದೆಯಾ? ಅಜ್ಜಂಪುರದಿಂದ ರೈಲಿನಲ್ಲಿ ಬಂದವರೇ ಮೂಗಿಗೆ ಸೆರಗು ಹಿಡಿದು, "ಇವತ್ತು ಯಾವ ಘಾಟು ಮೇಡಂ?" ಅಂದಿರಿ. "ಇದು ಉಪ್ಪೇ ಆಪಾ, ನೀರಿನ ಹಾಗಿರುತ್ತೆ ಅಷ್ಟೇ. ಆವಿಯಾಗಲ್ಲ, ವಾಸನೆ ಇಲ್ಲ. ಏನೂ ಮಾಡಲ್ಲ, ಇದು ಹತ್ತಿದ ಬೀಕರು ಬರಿಗೈಲೇ ತೊಳೀರಿ" ಅಂದೆ. ನೀವು ನಕ್ಕು, "ಬೆಳ್ಳಗಿರೋದೆಲ್ಲ ಹಾಲಾ ಮೇಡಂ?" ಅಂದಿರಿ. ಆದರೂ ತೊಳೆದಿರಿ. ಓದಿದವಳ ಮಾತು ನಂಬಿದಿರಿ. ಅಯ್ಯೋ, ಎಂಥ ಬುದ್ಧಿ ನನ್ನದು!

ನಿಮ್ಮ ಬೆರಳ ಚರ್ಮ ಸುಲಿದದ್ದನ್ನು ಒಮ್ಮೆ ಕೈ ಹಿಡಿದು ನೋಡಿದ್ದೆ. "ಸೋಪಿನ ಪುಡೀದು ಇರ್ಬೇಕು ಬಿಡಿ" ಅಂದಿರಿ. ಸೋಪೇ ಇತ್ತೋ ಏನೋ. ನಿಮ್ಮ ಜೀವ ತೆಗೆದದ್ದು ಹೃದಯಾಘಾತ, ಅದೂ ಗೊತ್ತು. ಆದರೂ ಆ ಬೆರಳುಗಳು...

ಹೋದ ತಿಂಗಳು ಯೀಸ್ಟ್ ಬೆರೆಸಿದ ನೀರಿಗೆ ಆ ದ್ರವ ಹಾಕಿ, ನೀಲಿ ಬಣ್ಣದ ಹನಿ ಬಿಟ್ಟು, ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಜೀವವಿರುವ ಕೋಶ ನೀಲಿಯಾಗಿ ಉಳಿಯುವುದಿಲ್ಲ. ಇವೆಲ್ಲ ನೀಲಿಯಾಗಿಯೇ ಇದ್ದವು, ಸತ್ತಿದ್ದವು. ಕೋಶದ ಸುತ್ತ ಇರುವ ಪೊರೆ ಕೊಬ್ಬಿನದು ಆಪಾ. ಈ ಉಪ್ಪಿನ ಕಣಕ್ಕೆ ಎಣ್ಣೆಗೆ ಒಗ್ಗುವ ಉದ್ದನೆಯ ಬಾಲ. ಅದು ಪೊರೆಯೊಳಗೆ ನುಸುಳಿ ಸಡಿಲ ಮಾಡುತ್ತದೆ, ಒಳಗಿರುವುದು ಸೋರಿಹೋಗುತ್ತದೆ. ಗಾಳಿಗೆ ಹಾರದ್ದು ಮೈಗೂ ಹತ್ತುವುದಿಲ್ಲ ಅಂತ ನನಗೆ ಹೇಳಿದವರು ಯಾರು? ಯಾರೂ ಇಲ್ಲ, ನಾನೇ ಅಂದುಕೊಂಡೆ.

ನಿಮ್ಮ ಜಾಗಕ್ಕೆ ಈಗ ನಿಮ್ಮ ಮಗಳು ಶಬಾನಾ ಬಂದಿದ್ದಾಳೆ. ಮೊದಲ ದಿನವೇ ಗ್ಲೌಸ್ ಕೊಟ್ಟೆ. "ಅಮ್ಮಿಗೆ ಯಾಕೆ ಕೊಟ್ಟಿರ್ಲಿಲ್ಲ?" ಅಂದಳು. ಸುಳ್ಳು ಹೇಳಬಹುದಿತ್ತು. ನಡೆದದ್ದನ್ನೆಲ್ಲ ಹೇಳಿದೆ. ಬ್ಯಾಗು ಎತ್ತಿಕೊಂಡು ಹೊರಟುಹೋದಳು.

ಇನ್ನು ಬರುವುದಿಲ್ಲ ಅಂದುಕೊಂಡಿದ್ದೆ. ಮಾರನೇ ದಿನ ಬಂದಳು. ನನ್ನ ಮುಖ ನೋಡಲಿಲ್ಲ. ನಾನು ಅವಸರದಲ್ಲಿ ಬರಿಗೈಯಲ್ಲೇ ಆ ದ್ರವದ ಬಾಟಲಿಗೆ ಕೈ ಹಾಕಿದಾಗ ಮಾತ್ರ ಗಬಕ್ಕನೆ ಮಣಿಕಟ್ಟು ಹಿಡಿದಳು. "ಮೊದ್ಲು ನೀವು ಹಾಕ್ಕಳಿ ಮೇಡಂ" ಅಂತ ಒಂದು ಜೊತೆ ಗ್ಲೌಸ್ ನನ್ನ ಮುಂದಿಟ್ಟಳು.

ಹಾಕಿಕೊಂಡೆ, ಆಪಾ. ಅಳುತ್ತಲೇ ಹಾಕಿಕೊಂಡೆ.